ಕೆಂಚಿಯ ಪ್ರಕರಣ: ಮರಿ ಕೊಂದ ನಾಯಿ ಹಿಂಡು ಕಾಯುವಂತಾದದ್ದು

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನ ಹಳ್ಳಿಯೊಂದರ ಕುರಿಗಾರ ಕುಟುಂಬದ ಹೆಣ್ಣು ನಾಯಿಯ ಪ್ರಕರಣ ಇದು. ಹೆಸರು ಕೆಂಚಿ. ಹತ್ತು ತಿಂಗಳ ವಯಸ್ಸಿನಲ್ಲಿ ಅದು ತಾನು ಕಾಯಬೇಕಾದ ಹಿಂಡಿನ ಮರಿಯನ್ನೇ ಕೊಂದಿತು. ಅಂಥ ನಾಯಿಯನ್ನು ಕುರಿಗಾರರು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಯಾರಿಗಾದರೂ ಕೊಡುತ್ತಾರೆ, ಇಲ್ಲವೇ ದೂರದ ಊರಿನಲ್ಲಿ ಬಿಟ್ಟು ಬರುತ್ತಾರೆ. ಈ ಮನೆಯವರು ಇಟ್ಟುಕೊಂಡರು. ಅವರ ಕುರಿಗಳಿಗೆ ಲಸಿಕೆ ಹಾಕಲು ಹೋಗಿ ಬರುವ ಪಶುವೈದ್ಯನಾದ ನಾನು, ಕೆಂಚಿಯನ್ನು ಅದು ಕುನ್ನಿಯಾಗಿದ್ದಾಗಿನಿಂದ ಎರಡು ವರ್ಷ ದಾಟುವವರೆಗೂ ನೋಡಿದ್ದೇನೆ. ಅದು ಸುಧಾರಿಸಿದ ಬಗೆಯಲ್ಲಿ ಪವಾಡವೇನೂ ಇಲ್ಲ. ಹೆಚ್ಚಿನದೆಲ್ಲ ಹಗ್ಗ, ನೆರಳು, ಊಟದ ಹೊತ್ತು, ಯಾರು ಎಲ್ಲಿ ಕೂತಿರಬೇಕು ಎಂಬಂಥ ಸಣ್ಣ ವ್ಯವಸ್ಥೆಗಳು.

ಕಪ್ಪತಗುಡ್ಡವನ್ನು ಸರ್ಕಾರ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು. ಸುಮಾರು 244 ಚದರ ಕಿಲೋಮೀಟರ್ ವಿಸ್ತಾರದ ಈ ಕುರುಚಲು ಕಾಡಿನಲ್ಲಿ ತೋಳ, ಚಿರತೆ, ಕತ್ತೆಕಿರುಬ ಎಲ್ಲವೂ ಇವೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಕುರಿ ಮೇಯಿಸುವವರಿಗೆ ತೋಳ ಹೊಸದಲ್ಲ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಮರಿಗಳ ಹೊಟ್ಟೆ ತುಂಬಿಸಬೇಕಾದ ತಿಂಗಳುಗಳಲ್ಲಿ ಹಟ್ಟಿಗಳತ್ತ ಅದರ ಸುಳಿದಾಟ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಸತ್ತ ಕುರಿಗೆ ವಿಷ ಬೆರೆಸಿ ಇಡುವುದು ಅಪರಾಧ. ಆ ವಿಷ ಊರ ನಾಯಿ, ನರಿ, ಹದ್ದುಗಳನ್ನೂ ಬಿಡುವುದಿಲ್ಲ. ಹಾಗಾಗಿ ಉಳಿಯುವುದು ಬಲೆಯ ದೊಡ್ಡಿ, ರಾತ್ರಿ ಎಚ್ಚರ ಮತ್ತು ನಾಯಿ.

ಈ ಕುಟುಂಬದ ಹಿಂಡಿನಲ್ಲಿ ನೂರೈವತ್ತರ ಆಸುಪಾಸು ದಕ್ಕನಿ ಕುರಿಗಳು, ಜೊತೆಗೆ ಕೆಲವು ಆಡುಗಳು. ಅಜ್ಜ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಮಳೆಗಾಲದಲ್ಲಿ ಗುಡ್ಡದ ಸೆರಗಿನಲ್ಲಿ ಮೇಯಿಸುತ್ತಾರೆ. ಹಿಂಗಾರಿನ ಜೋಳ, ಕಡಲೆ ಕೊಯ್ಲಾದ ಮೇಲೆ ರೋಣ, ನರಗುಂದದ ಕಡೆಯ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ, ಎಂದರೆ ರಾತ್ರಿ ಹೊಲದಲ್ಲೇ ನಿಲ್ಲಿಸುತ್ತಾರೆ. ಇವರ ಹಳೆಯ ನಾಯಿಯನ್ನು ಚಿರತೆ ಹೊತ್ತೊಯ್ದಿತ್ತು. ಆಮೇಲಿನ ಚಳಿಗಾಲದಲ್ಲಿ ತೋಳಕ್ಕೆ ಹಲವು ಮರಿಗಳು ಹೋದವು.

ಕುನ್ನಿ ತರುವಾಗಲೇ ಮನೆಯಲ್ಲಿ ಎರಡು ಅಭಿಪ್ರಾಯವಿತ್ತು. ಮೊಮ್ಮಗನಿಗೆ ಮುಧೋಳ ನಾಯಿ ಬೇಕು. ಅಂಚೆಚೀಟಿಯಲ್ಲಿ ಬಂದ ನಾಯಿ, ಸೇನೆಗೆ ಹೋದ ನಾಯಿ ಎಂಬ ಹೆಮ್ಮೆ ಈ ಭಾಗದ ಹುಡುಗರಲ್ಲಿ ಇದೆ; ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೂ ಇದೆ. ನನಗೂ ಆ ತಳಿಯ ಮೇಲೆ ಗೌರವವಿದೆ. ಆದರೆ ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಅದರ ಮೈಯೆಲ್ಲ ಬಿಲ್ಲಾಗುತ್ತದೆ. ಹಿಂಡಿನ ನಡುವೆ ಅರ್ಧ ದಿನ ಸುಮ್ಮನೆ ಮಲಗಿರಬೇಕಾದ ಕೆಲಸಕ್ಕೆ ಆ ಗುಣ ಒಗ್ಗುವುದಿಲ್ಲ. ಮೊಲದ ಹಿಂದೆ ಅದು ಎರಡು ಹೊಲ ದಾಟಿ ಹೋದ ಹೊತ್ತಿನಲ್ಲಿ ತೋಳ ಬಂದರೆ ಹಿಂಡಿಗೆ ಯಾರೂ ಇರುವುದಿಲ್ಲ. ಅಜ್ಜನ ಆಯ್ಕೆ ಬೇರೆ ಇತ್ತು: ಇನ್ನೊಂದು ಕುರಿಹಟ್ಟಿಯಲ್ಲಿ, ಕುರಿಗಳ ಮಧ್ಯೆಯೇ ಮರಿ ಹಾಕಿದ್ದ ನಾಡು ನಾಯಿಯ ಕುನ್ನಿ. ಎಂಟು ವಾರ ತುಂಬುವ ಹೊತ್ತಿಗೆ ತಂದರು. ಅಜ್ಜನ ಆಯ್ಕೆ ಸರಿಯಾಗಿತ್ತು.

ವಯಸ್ಸಿನ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೂರನೇ ವಾರದಿಂದ ಹೆಚ್ಚುಕಡಿಮೆ ಮೂರು ತಿಂಗಳವರೆಗೆ ಕುನ್ನಿ ಯಾರ ಜೊತೆ ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ಬಗೆಯುತ್ತದೆ. ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 1970ರ ದಶಕದಿಂದ ಕುರಿಗಾವಲು ನಾಯಿಗಳನ್ನು ರೈತರ ಹಿಂಡುಗಳಲ್ಲಿಟ್ಟು ವರ್ಷಗಟ್ಟಲೆ ಗಮನಿಸಿದರು. ಬಾಲ್ಯದ ಈ ಸಹವಾಸಕ್ಕೆ ಅವರು ಕೊಟ್ಟ ಮಹತ್ವ ದೊಡ್ಡದು. ನಮ್ಮ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಟ್ಟಿಯ ಕುನ್ನಿಯೇ ಬೇಕೆಂದು ಅಜ್ಜ ಹಟ ಹಿಡಿದದ್ದು ಅದಕ್ಕೇ.

ಆದರೆ ಸಹವಾಸದಿಂದ ಆಗುವುದು ಅರ್ಧ ಕೆಲಸ ಮಾತ್ರ. ಕುರಿಯನ್ನು ತನ್ನದೆಂದುಕೊಂಡ ನಾಯಿ ಕುರಿಯೊಡನೆ ಆಟವಾಡಲೂ ಬಯಸುತ್ತದೆ. ಕೆಂಚಿಯ ಪ್ರಕರಣದಲ್ಲಿ ಎಡವಟ್ಟಾದದ್ದು ಇಲ್ಲೇ.

ಮೊದಲ ತಿಂಗಳುಗಳು ಚೆನ್ನಾಗಿ ಕಳೆದವು. ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಹೊತ್ತಿಗೆ ಸರಿಯಾಗಿ ಆದವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದಿನ ತಿಂಗಳು ಅದರ ಎರಡನೇ ಡೋಸ್. ಕುನ್ನಿಯನ್ನು ರಾತ್ರಿ ದೊಡ್ಡಿಯ ಮೂಲೆಯಲ್ಲಿ ಕುರಿಗಳ ಬಿಸುಪು ಸಿಗುವಂತೆ ಮಲಗಿಸುತ್ತಿದ್ದರು. ತುಳಿತಕ್ಕೆ ಸಿಗದಿರಲೆಂದು ಬಲೆಯ ಒಂದು ಅಡ್ಡ ಇತ್ತು. ಹಿಂಡು ಜಾಗ ಬದಲಿಸಿದಾಗ ಎಳೆಯ ಕುರಿಮರಿಗಳ ಜೊತೆ ಕುನ್ನಿಯೂ ಕುದುರೆಯ ಹೇರಿನ ಮೇಲೆ ಸವಾರಿ ಮಾಡುತ್ತಿತ್ತು. ಎತ್ತಿ ಮುದ್ದಾಡುವುದಕ್ಕೆ ಮೊಮ್ಮಗನಿಗೆ ಅಜ್ಜನ ತಡೆ ಇತ್ತು. ಇದರಲ್ಲಿ ಅಜ್ಜನದು ಸ್ವಲ್ಪ ಅತಿಯಾಯಿತೆಂದೇ ನನ್ನ ಅನಿಸಿಕೆ. ಮನುಷ್ಯರನ್ನು ಕಂಡರೆ ಹೆದರುವ ನಾಯಿ ಗಾಯವಾದಾಗ ಮುಟ್ಟಗೊಡುವುದಿಲ್ಲ, ಹೆದರಿಕೆಯಿಂದಲೇ ಕಚ್ಚುತ್ತದೆ. ದಿನಕ್ಕೊಮ್ಮೆ ಕಿವಿ, ಬಾಯಿ, ಪಾದ ಮುಟ್ಟಿ ನೋಡಿ ಒಂದು ತುಣುಕು ರೊಟ್ಟಿ ಕೊಡಿ ಎಂದೆ. ಅದನ್ನು ಸೊಸೆ ವಹಿಸಿಕೊಂಡಳು.

ಮನುಷ್ಯರ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯ. ತಿರುಗಾಟದ ಕುರಿಗಾರನ ಬದುಕು ಹೊಲದ ಯಜಮಾನರ ಒಪ್ಪಿಗೆಯ ಮೇಲೆ ನಿಂತಿದೆ. ಬೆಳಿಗ್ಗೆ ಹೊಲ ನೋಡಲು ಬಂದ ಒಕ್ಕಲಿಗನ ಕಾಲಿಗೆ ನಾಯಿ ಬಾಯಿ ಹಾಕಿದರೆ ಮರುವರ್ಷ ಆ ಹೊಲಕ್ಕೆ ಕರೆ ಬರುವುದಿಲ್ಲ. ನಾಯಿ ಬೊಗಳಿ ತಿಳಿಸಬೇಕು. ಮನೆಯವರು ಎದ್ದು ಮಾತಾಡಿಸಿದ ಕೂಡಲೇ ಹಿಂದೆ ಸರಿಯಬೇಕು. ಇದನ್ನು ಕೆಂಚಿಗೆ ಆರೇಳು ತಿಂಗಳಿನಿಂದಲೇ ರೂಢಿ ಮಾಡಿಸಿದರು: ಬಂದವರು ಹತ್ತಿರವಾದಾಗ ಅದನ್ನು ಕರೆದು ಪಕ್ಕದಲ್ಲಿ ಮಲಗಿಸುವುದು, ಮಲಗಿದರೆ ತಿನ್ನಲು ಕೊಡುವುದು. ಮೋಟರ್‌ಸೈಕಲ್, ಟ್ರ್ಯಾಕ್ಟರ್, ಗುಡ್ಡದ ಮೇಲಿನ ಗಾಳಿಯಂತ್ರಗಳ ಸದ್ದು, ದೀಪಾವಳಿಯ ಪಟಾಕಿ ಇವಕ್ಕೂ ದೂರದಿಂದ ಆರಂಭಿಸಿ ಹತ್ತಿರ ತರುತ್ತ ಒಗ್ಗಿಸಿದರು.

ದೀಪಾವಳಿ ಕಳೆದ ಕೆಲವು ವಾರಗಳಿಗೆ ಅಜ್ಜ ಫೋನ್ ಮಾಡಿದರು. ಮರಿ ಸತ್ತಿದೆ, ಬಂದು ನೋಡಿ ಎಂದರು. ಧ್ವನಿಯಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು.

ಹೋದಾಗ ಕೆಂಚಿ ಬಳ್ಳಾರಿ ಜಾಲಿಯ ಬುಡಕ್ಕೆ ಕಟ್ಟಿಹಾಕಿಸಿಕೊಂಡು ಕೂತಿತ್ತು. ಏಟು ಬಿದ್ದಿರುವುದು ಅದರ ಮೈಯ ಬಾಗಿನಲ್ಲೇ ಕಾಣುತ್ತಿತ್ತು. "ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಸಾಹೇಬರೇ. ಇದಕ್ಕೆ ನೆತ್ತರಿನ ರುಚಿ ಹತ್ತಿದೆ. ಇನ್ನು ಬಿಡುವುದಿಲ್ಲ" ಎಂದರು ಅಜ್ಜ. ನೆರೆಯ ಹಟ್ಟಿಯವರೊಬ್ಬರು ಸತ್ತ ಮರಿಯನ್ನು ಅದರ ಕೊರಳಿಗೆ ಕಟ್ಟಿ ಬಿಡಿ, ಬುದ್ಧಿ ಬರುತ್ತದೆ ಎಂದು ಸಲಹೆ ಕೊಟ್ಟಿದ್ದರು. ಅದರಿಂದ ಬರುವುದು ದುರ್ನಾತ ಮತ್ತು ನೊಣ, ಬೇರೇನೂ ಅಲ್ಲ.

ನಾನು ಮೊದಲು ಮರಿಯನ್ನು ನೋಡಿದೆ. ಒಂದು ಕಿವಿ ಹರಿದಿತ್ತು. ಹಿಂದೊಡೆಯ ಮೇಲೆ ಆಳವಿಲ್ಲದ ಹಲ್ಲಿನ ಗುರುತುಗಳು, ಅಲ್ಲಲ್ಲಿ ಕಿತ್ತ ಉಣ್ಣೆ, ಮೈಗೆಲ್ಲ ಒಣಗಿದ ಜೊಲ್ಲು. ಗಂಟಲಿಗೆ ಬಾಯಿ ಹಾಕಿರಲಿಲ್ಲ, ಹೊಟ್ಟೆ ಬಗೆದಿರಲಿಲ್ಲ, ಒಂದು ತುತ್ತನ್ನೂ ತಿಂದಿರಲಿಲ್ಲ. ಕೊಲ್ಲಲು ಹೊರಟ ಪ್ರಾಣಿಯ ಕೆಲಸ ಹೀಗಿರುವುದಿಲ್ಲ. ಬೆನ್ನಟ್ಟಿ, ಹಿಡಿದು, ಬಿಟ್ಟು, ಮತ್ತೆ ಬೆನ್ನಟ್ಟಿ ಆಡಿದ ಆಟ ಅದು. ಎಳೆಯ ಮರಿ ಸುಸ್ತು ಮತ್ತು ಭಯದಿಂದಲೇ ಸತ್ತಿತ್ತು. ಮರಿಗೆ ಇದರಿಂದ ಯಾವ ಸಮಾಧಾನವೂ ಇಲ್ಲ, ನಿಜ. ಆದರೆ ನಾಯಿಯ ಬಗ್ಗೆ ತೀರ್ಮಾನಿಸುವಾಗ ಈ ವ್ಯತ್ಯಾಸವೇ ನಿರ್ಣಾಯಕ. ಆರು ತಿಂಗಳಿನಿಂದ ಒಂದೂವರೆ ವರ್ಷದ ನಡುವೆ ಕುರಿಗಾವಲು ನಾಯಿಗಳಲ್ಲಿ ಈ ಬೆನ್ನಟ್ಟುವ ಆಟ ಕಾಣಿಸಿಕೊಳ್ಳುವುದು ತೀರ ಸಾಮಾನ್ಯ. ದೇಹ ದೊಡ್ಡ ನಾಯಿಯದು, ಬುದ್ಧಿ ಇನ್ನೂ ಕುನ್ನಿಯದು. ಅಂಥ ನಾಯಿಯನ್ನು ಒಂದೂವರೆ, ಎರಡು ವರ್ಷಕ್ಕೆ ಮುಂಚೆ ನಂಬಿ ಒಂಟಿಯಾಗಿ ಬಿಡುವಂತಿಲ್ಲ.

ಕಾರಣದ ನಿಜವಾದ ಸುಳಿವು ಕೊಟ್ಟವಳು ಸೊಸೆ. ಮಾವನವರು ಅತ್ತ ಹೋಗುವವರೆಗೆ ಕಾದು ಹೇಳಿದಳು: "ಸರ್, ಬೆಳಿಗ್ಗೆ ಇದು ಹೀಗೆ ಮಾಡುವುದಿಲ್ಲ. ಕುರಿ ಮೇಯಲು ಹೋದ ಮೇಲೆ, ನಾನು ನೀರು ತರಲು ಹೋದಾಗ ಇದರ ಆಟ ಶುರುವಾಗುತ್ತದೆ." ವಿಚಾರಿಸುತ್ತ ಹೋದಂತೆ ಚಿತ್ರ ಸ್ಪಷ್ಟವಾಯಿತು. ಹೊಸದಾಗಿ ಹುಟ್ಟಿದ ಮರಿಗಳು ತಾಯಂದಿರ ಜೊತೆ ಮೇಯಲು ಹೋಗುವುದಿಲ್ಲ, ಹಟ್ಟಿಯಲ್ಲೇ ಉಳಿಯುತ್ತವೆ. ಅವುಗಳ ಕಾವಲಿಗೆಂದು ಕೆಂಚಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ದೊಡ್ಡ ಕುರಿ ಒಂದೂ ಇಲ್ಲ, ಗದರುವವರಿಲ್ಲ, ಮಾಡಲು ಕೆಲಸವಿಲ್ಲ, ರಾತ್ರಿಯ ನಿದ್ದೆ ಮುಗಿದು ಮೈಯಲ್ಲಿ ಕಸುವು ತುಂಬಿದೆ. ಕಣ್ಣೆದುರಿಗೆ ಕುಪ್ಪಳಿಸುವ ಪುಟ್ಟ ಮರಿಗಳು. ಹತ್ತು ತಿಂಗಳ ನಾಯಿಯನ್ನು ಕೆಡಿಸಲೆಂದೇ ಯೋಚಿಸಿದ್ದರೂ ಇದಕ್ಕಿಂತ ಪಕ್ಕಾ ಏರ್ಪಾಡು ಸಿಗುತ್ತಿರಲಿಲ್ಲ.

ಹೊಡೆತದ ಬಗ್ಗೆ ಅಜ್ಜನ ಜೊತೆ ಸ್ವಲ್ಪ ವಾದವೇ ಆಯಿತು. ಮರಿ ಸತ್ತು ಎಷ್ಟೋ ಹೊತ್ತಾದ ಮೇಲೆ ಬಿದ್ದ ಏಟನ್ನು ನಾಯಿ ಆ ಮರಿಗೆ ಜೋಡಿಸಿಕೊಳ್ಳಲಾರದು. ಏಟು ಕೊಟ್ಟವರಿಗೆ ಜೋಡಿಸಿಕೊಳ್ಳುತ್ತದೆ. ಮುಂದೆ ಅಜ್ಜ ಕಂಡಾಗ ಸಾಧುವಾಗಿರುತ್ತದೆ, ಮರೆಯಾದಾಗ ಆಟ ಮುಂದುವರಿಸುತ್ತದೆ. "ಹಾಗಾದರೆ ಹಾಲು ಕುಡಿಸಿ ಪೂಜೆ ಮಾಡಬೇಕೇನು?" ಎಂದರು ಅಜ್ಜ. ಪೂಜೆಯ ಮಾತು ಅಷ್ಟು ವ್ಯಂಗ್ಯದ್ದೇನೂ ಅಲ್ಲ. ಮೈಲಾರಲಿಂಗನ ಒಕ್ಕಲು ಅವರದು, ದೇವರಗುಡ್ಡದ ಜಾತ್ರೆಯಲ್ಲಿ ಆ ದೇವರ ಭಕ್ತರಾದ ಗೊರವರು ದೇವರ ನಾಯಿಗಳಾಗಿ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುವುದನ್ನು ನೋಡುತ್ತ ಬೆಳೆದವರು. ಅದನ್ನು ನೆನಪಿಸಿದಾಗ ನಕ್ಕರು, ಸ್ವಲ್ಪ ಮೆತ್ತಗಾದರು. ಬೇಸಿಗೆ ಮುಗಿಯುವವರೆಗೆ ನೋಡೋಣ ಎಂದು ಒಪ್ಪಿಕೊಂಡರು.

ಬದಲಾವಣೆಯಲ್ಲಿ ಮೊದಲನೆಯದು, ಮರಿಗಳಿಂದ ನಾಯಿಯನ್ನು ಬೇರ್ಪಡಿಸಿದ್ದು. ಮರಿಗಳ ದೊಡ್ಡಿಯ ಹೊರಗೆ, ಅವು ಕಾಣುವಷ್ಟು ಹತ್ತಿರ, ಮುಟ್ಟಲಾಗದಷ್ಟು ದೂರ ಅದನ್ನು ಕಟ್ಟುವುದು. ಬಿಚ್ಚುವುದು ಯಾರಾದರೂ ಜೊತೆಗಿದ್ದಾಗ ಮಾತ್ರ. ಬೆಳಗಿನ ಮೇವಿಗೆ ಅದು ದೊಡ್ಡ ಕುರಿಗಳ ಜೊತೆ ಉದ್ದನೆಯ ಹಗ್ಗದ ಮೇಲೆ ಹೋಗತೊಡಗಿತು. ಹಿಂಡಿನಲ್ಲಿ ಗಟ್ಟಿ ಸ್ವಭಾವದ ಒಂದು ಮುದಿ ಕುರಿಯೂ, ಕೊಂಬಿನ ಒಂದು ಆಡೂ ಇದ್ದವು. ಸಂಜೆ ಸಣ್ಣ ಬಲೆಯೊಳಗೆ ಇವೆರಡರ ಜೊತೆ ಕೆಂಚಿಯನ್ನು ಬಿಡಲು ಹೇಳಿದೆ. ಕಿವಿ ಹಿಡಿಯಲು ಹೋದಾಗ ಆಡು ಒಮ್ಮೆ ಪಕ್ಕೆಗೆ ಗುದ್ದಿತು. ಆ ಪಾಠವನ್ನು ಮನುಷ್ಯ ಅಷ್ಟು ಚೊಕ್ಕಟವಾಗಿ ಕಲಿಸಲಾರ: ತಪ್ಪು ನಡೆದ ಕ್ಷಣಕ್ಕೇ, ಅಳತೆಗೆ ತಕ್ಕಷ್ಟು, ಆಮೇಲೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ. ಟಗರಿನ ಜೊತೆ ಮಾತ್ರ ಈ ಪ್ರಯೋಗ ಬೇಡ. ಅದರ ಗುದ್ದಿಗೆ ಪಕ್ಕೆಲುಬು ಮುರಿಯುತ್ತದೆ.

ಜೊತೆಗಿರುವವರು ನೋಡಬೇಕಾದದ್ದು ಓಟವನ್ನಲ್ಲ, ಓಟಕ್ಕೆ ಮುಂಚಿನ ಚಿಹ್ನೆಗಳನ್ನು. ಒಂದೇ ಮರಿಯ ಮೇಲೆ ನೆಟ್ಟ ನೋಟ, ತಗ್ಗಿದ ತಲೆ, ಮುಂಗಾಲು ಚಾಚಿ ಹಿಂಭಾಗ ಎತ್ತುವ ಭಂಗಿ. ಅಷ್ಟರಲ್ಲೇ ಗದರಿ ಹಗ್ಗ ಹಿಡಿದು ದೂರ ಒಯ್ದರೆ ಸಾಕು. ಓಟ ಶುರುವಾದ ಮೇಲೆ ಅದೇ ಒಂದು ರುಚಿ, ಪ್ರತಿ ಸಲವೂ ಬಲವಾಗುತ್ತದೆ. ಮರಿಗಳ ನಡುವೆ ಸುಮ್ಮನೆ ಮಲಗಿದಾಗ, ಮುಖ ತಿರುಗಿಸಿ ಆಕಳಿಸಿದಾಗ, ಆ ಕೂಡಲೇ ಒಂದು ತುಣುಕು. ಸೊಸೆ ಸೆರಗಿನ ತುದಿಯಲ್ಲಿ ಬೇಯಿಸಿದ ಮಾಂಸದ ಚೂರುಗಳನ್ನು ಕಟ್ಟಿಕೊಂಡಿರುತ್ತಿದ್ದಳು. ಮಗ ಕೆಲವು ದಿನ ಕೆಂಚಿಯ ಕೊರಳಿಗೆ ಮೊಣಕಾಲಿಗೆ ತಾಗುವಂತೆ ಮರದ ತುಂಡನ್ನು ತೂಗುಬಿಟ್ಟ. ಓಟ ನಿಧಾನವಾಗುವುದು ನಿಜ. ಮುಳ್ಳುಕಂಟಿಯಲ್ಲಿ ಸಿಕ್ಕಿಕೊಳ್ಳುವುದೂ ನಿಜ. ಬಯಲಿನಲ್ಲಿ, ಕಣ್ಣೆದುರಿಗೆ ಮಾತ್ರ ಅದನ್ನು ಬಳಸಬಹುದು.

ಇದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹಿಂಡಿನ ಒಂದು ಕುರಿ ತಲೆ ಓರೆ ಮಾಡಿಕೊಂಡು ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಹಿಂದಿನ ವರ್ಷವೂ ಒಂದು ಹೀಗೇ ಸತ್ತಿತ್ತಂತೆ. ಅದರ ತಲೆಯನ್ನು ಏನು ಮಾಡಿದಿರಿ ಎಂದು ಕೇಳಿದೆ. ನಾಯಿಗೆ ಹಾಕಿದೆವು ಎಂದರು. ತಿರುಗು ರೋಗದ ಚಕ್ರ ಇಷ್ಟೇ: ನಾಯಿಯ ಕರುಳಿನ ಲಾಡಿಹುಳದ ಮೊಟ್ಟೆಗಳು ಮಲದ ಮೂಲಕ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಕುರಿಯ ಮಿದುಳಿನಲ್ಲಿ ನೀರುಗುಳ್ಳೆ, ಆ ಮಿದುಳನ್ನು ತಿಂದ ನಾಯಿಯ ಕರುಳಿನಲ್ಲಿ ಮತ್ತೆ ಹುಳ. ಕುರಿಯ ಶ್ವಾಸಕೋಶ, ಯಕೃತ್ತಿನಲ್ಲಿ ಗುಳ್ಳೆ ಕಟ್ಟುವ ಇನ್ನೊಂದು ಜಾತಿಯ ಹುಳವೂ ಇದೆ. ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅವನಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಹುಳ ಬೆಳೆದು ಮೊಟ್ಟೆ ಹಾಕಲು ಸುಮಾರು ಆರು ವಾರ ಬೇಕು. ಆದ್ದರಿಂದ ಇಂಥ ಹಟ್ಟಿಗಳಲ್ಲಿ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಮಾತ್ರೆ. ಹಸಿ ತಲೆ, ಹಸಿ ಒಳಾಂಗ ನಾಯಿಗೆ ಪೂರ್ತಿ ನಿಷೇಧ. ಚೆನ್ನಾಗಿ ಕುದಿಸಬೇಕು, ಇಲ್ಲವೇ ಆಳವಾಗಿ ಹೂಳಬೇಕು. ನಾಯಿಯನ್ನು ಮುಟ್ಟಿದ ಕೈಯಲ್ಲೇ ಮೊಮ್ಮಗ ರೊಟ್ಟಿ ಮುರಿಯುತ್ತಿದ್ದ. ನಾನು ಕೊಟ್ಟ ಸಲಹೆಗಳಲ್ಲಿ ಚರ್ಚೆಯಿಲ್ಲದೆ ಒಪ್ಪಿಗೆಯಾದದ್ದು ಇದೊಂದೇ.

ಊಟವನ್ನೂ ಬದಲಿಸಿದೆವು. ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯಿಂದ ಹೊಟ್ಟೆ ತುಂಬುತ್ತದೆ, ಬೆಳೆಯುವ ನಾಯಿಯ ಮೈ ತುಂಬುವುದಿಲ್ಲ. ಮೊಟ್ಟೆ, ಕುದಿಸಿದ ಮಾಂಸದ ಚೂರು ಸೇರಿಸಿದ ಮೇಲೆ ಕೂದಲಿನ ಹೊಳಪಿನಲ್ಲೇ ವ್ಯತ್ಯಾಸ ಕಂಡಿತು. ಬೇಯಿಸಿದ ಮೂಳೆ ಬೇಡ, ಸೀಳಿ ಚುಚ್ಚುತ್ತದೆ.

ದೇಹ ಪಳಗಿಸುವ ಕೆಲಸವನ್ನು ಬೇಕೆಂದೇ ನಿಧಾನವಾಗಿ ಮಾಡಿಸಿದೆ. ಒಂದು ವರ್ಷದ ಆಚೀಚೆ ಎಲುಬಿನ ತುದಿಗಳು ಗಟ್ಟಿಯಾಗುವವರೆಗೆ ದಿನವಿಡೀ ನಡೆಸಿದರೆ ಕೀಲುಗಳಿಗೆ ಪೆಟ್ಟು. ಮೊದಲು ಬೆಳಗಿನ ಮೇವಿಗೆ ಮಾತ್ರ, ಆಮೇಲೆ ಸಂಜೆಗೂ. ಊರಿಂದೂರಿಗೆ ಹೋಗುವಾಗ ಅರ್ಧ ದಾರಿ ನಡಿಗೆ, ಉಳಿದದ್ದು ವಾಹನದಲ್ಲಿ. ಎರೆಹೊಲದ ತೊಂದರೆ ಬೇರೆಯೇ. ಹಸಿ ಎರೆಮಣ್ಣು ಬೆರಳುಗಳ ಸಂದಿಯಲ್ಲಿ ಮೆತ್ತಿ, ಒಣಗಿ, ಹರಳಿನಂತಾಗಿ ನಾಯಿ ಕುಂಟುತ್ತದೆ. ಕೊಯ್ದ ಜೋಳದ ಕೂಳೆ ಪಾದಕ್ಕೆ ಚುಚ್ಚುತ್ತದೆ. ರಾತ್ರಿ ಪಾದ ತೊಳೆದು ನೋಡುವುದು, ಉಣುಗು ಆರಿಸುವುದು ಸೊಸೆಯ ಪಾಲಿನ ಕೆಲಸಕ್ಕೆ ಸೇರಿತು. ಕುನ್ನಿಯಾಗಿದ್ದಾಗ ಪಾದ ಮುಟ್ಟಿಸಿಕೊಳ್ಳುವುದನ್ನು ಕಲಿತದ್ದು ಈಗ ಉಪಯೋಗಕ್ಕೆ ಬಂತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅದಕ್ಕೆ ಕೆಲಸವೇ ಇಲ್ಲ. ನೆರಳು ಮತ್ತು ನೀರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಂಪಾಗಬೇಕು. ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ಕಾಲು ತಡವರಿಸಿದರೆ ತಡಮಾಡದೆ ಮೈಗೆಲ್ಲ ನೀರು ಸುರಿಯಬೇಕು.

ನಡುವೆ ಕೆಂಚಿ ಬೆದೆಗೆ ಬಂದು ಊರ ಗಂಡು ನಾಯಿಗಳೆಲ್ಲ ಹಟ್ಟಿಗೆ ಮುತ್ತಿಗೆ ಹಾಕಿದ್ದೂ ಆಯಿತು. ಆ ದಿನಗಳನ್ನು ಮನೆಯೊಳಗೆ ಕಟ್ಟಿಹಾಕಿ ಕಳೆದು, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು.

ಒಂದು ವರ್ಷ ದಾಟಿದ ಮೇಲೂ ಎರಡು ಬಾರಿ ಮರಿಗಳ ಬೆನ್ನು ಹತ್ತಿತು, ಹಗ್ಗವಿದ್ದುದರಿಂದ ಅನಾಹುತವಾಗಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಆಟದ ಉಬ್ಬರ ತಾನಾಗಿಯೇ ಇಳಿಯಿತು. ಈ ಇಳಿತಕ್ಕೆ ತರಬೇತಿ ಎಷ್ಟು ಕಾರಣ, ವಯಸ್ಸು ಎಷ್ಟು ಕಾರಣ ಎಂದು ಕೇಳಿದರೆ, ವಯಸ್ಸಿನ ಪಾಲೇ ದೊಡ್ಡದು ಎಂದು ನನ್ನ ಲೆಕ್ಕ. ಆ ವಯಸ್ಸು ಬರುವವರೆಗೆ ಕೆಟ್ಟ ರೂಢಿ ಬೇರೂರದಂತೆ ತಡೆದದ್ದು ತರಬೇತಿಯ ಪಾಲು. ಮರುವರ್ಷದ ಮರಿಗಳ ಕಾಲದಲ್ಲಿ ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ, ಹೀಗೆ ಬಿಟ್ಟು ನೋಡಿದರು. ಹೊಸದಾಗಿ ಈದ ಕುರಿ ಹತ್ತಿರ ಬಂದರೆ ಕೆಂಚಿ ಎದ್ದು ಅತ್ತ ಸರಿದು ಮಲಗುತ್ತದೆ. ಅಜ್ಜ ಈಗ ಅದಕ್ಕೆ ಹುಬ್ಬಳ್ಳಿಯಿಂದ ಕಬ್ಬಿಣದ ಮುಳ್ಳಿನ ಕೊರಳಪಟ್ಟಿ ತರಿಸಿ ಹಾಕಿದ್ದಾರೆ. ಚಿರತೆ ಕೊರಳಿಗೇ ಬಾಯಿ ಹಾಕುವುದರಿಂದ ಅದು ಅಲಂಕಾರದ ವಸ್ತುವಲ್ಲ.

ಆ ಚಳಿಗಾಲದಲ್ಲಿ ತೋಳಕ್ಕೆ ಹೋದ ಮರಿಗಳು ಮೊದಲಿಗಿಂತ ಕಡಿಮೆ. ಎಲ್ಲ ಶ್ರೇಯಸ್ಸನ್ನೂ ಕೆಂಚಿಗೆ ಕೊಡಲಾಗದು: ದೊಡ್ಡಿಯ ಬಲೆಯನ್ನು ಎತ್ತರಿಸಿದ್ದರು, ಸೌರ ದೀಪ ಬಂದಿತ್ತು, ಮಗ ಹೊರಗೇ ಮಲಗುತ್ತಿದ್ದ. ಕೆಂಚಿ ತೋಳದೊಡನೆ ಕಾದಾಡುವುದೂ ಇಲ್ಲ, ಕಾದಾಡಲೂ ಬಾರದು. ಬೊಗಳಿ ಎಬ್ಬಿಸುತ್ತದೆ, ಹಿಂಡಿಗೂ ಕತ್ತಲಿಗೂ ನಡುವೆ ನಿಲ್ಲುತ್ತದೆ. ತೋಳಗಳು ಜೋಡಿಯಾಗಿ ಬಂದು, ಒಂದು ತೋಳ ನಾಯಿಯನ್ನು ಅತ್ತ ಸೆಳೆದು ಇನ್ನೊಂದು ಇತ್ತಲಿಂದ ಮರಿ ಎತ್ತಿದ ರಾತ್ರಿಯೂ ಒಂದಿತ್ತು. ಆ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರಕ್ಕಾಗಿ ಅರ್ಜಿ ಹೋಗಿದೆ.

ಆದ್ದರಿಂದ ಎರಡನೇ ನಾಯಿ ಬೇಕೇ ಬೇಕು. ಅದನ್ನು ಈ ಸಲದ ಮರಿಗಳು ತಾಯಂದಿರ ಜೊತೆ ಮೇಯಲು ಹೋಗುವಷ್ಟಾದ ಮೇಲೆ ತರುವುದೆಂದು ತೀರ್ಮಾನವಾಗಿದೆ, ಈ ಬಾರಿ ಗಂಡು ಕುನ್ನಿ. ಕಟ್ಟುವ ಜಾಗವನ್ನು ಸೊಸೆ ಆಗಲೇ ಗುರುತು ಮಾಡಿದ್ದಾಳೆ, ಮರಿಗಳ ದೊಡ್ಡಿಯ ಹೊರಗೆ.